ಆಟಕ್ಕುಂಟು, ಲೆಕ್ಕಕ್ಕೂ ಇರಲಿ

ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕೆಲಸ ಹಿಡಿಯುವ ಗುತ್ತಿಗೆದಾರರಿಗೆ ಒಂದು ಬಹಿರಂಗ ಪತ್ರ



ನಿಮ್ಮಲ್ಲಿ ದೊಡ್ಡವರೂ ಇದ್ದೀರಿ, ಸಣ್ಣವರೂ ಇದ್ದೀರಿ. ತಲಾ 700 ಮೆಗಾವಾಟ್‌ನ ಐದು ಮತ್ತು ಆರನೇ ಘಟಕಗಳ ಮುಖ್ಯ ಗುತ್ತಿಗೆ 2025ರ ಏಪ್ರಿಲ್‌ನಲ್ಲಿ ಮೇಘಾ ಎಂಜಿನಿಯರಿಂಗ್ ಸಂಸ್ಥೆಗೆ ಸಿಕ್ಕಿತು. ಅದರ ಮೊತ್ತ 12,800 ಕೋಟಿ ರೂಪಾಯಿ. ಇಂಥ ಒಂದು ದೊಡ್ಡ ಗುತ್ತಿಗೆಯ ಕೆಳಗೆ ಪೈಪ್ ಬೆಸೆಯುವವರು, ಕೇಬಲ್ ಎಳೆಯುವವರು, ಸ್ಕ್ಯಾಫೋಲ್ಡಿಂಗ್ ಕಟ್ಟುವವರು, ವೆಲ್ಡಿಂಗ್ ಪರೀಕ್ಷೆ ಮಾಡುವವರು ಬರುತ್ತಾರೆ. ಅವರ ಕೆಳಗೆ ಒಂದು ಕೋಣೆಯ ಆಫೀಸು, ಒಂದು ಹಳೇ ಜೀಪು, ಇಪ್ಪತ್ತು ಮೂವತ್ತು ಜನರ ಹಾಜರಿ ಪುಸ್ತಕ ಇಟ್ಟುಕೊಂಡ ಪೇಟಿ ಕಂತ್ರಾಟುದಾರರು. ಓಡುತ್ತಿರುವ ನಾಲ್ಕು ಘಟಕಗಳ ದುರಸ್ತಿ, ಸ್ವಚ್ಛತೆ, ಶಟ್‌ಡೌನ್ ಕೆಲಸಗಳಿಗೆ ಬೇರೆ ಟೆಂಡರುಗಳು, ಬೇರೆ ಜನ. ಈ ಪತ್ರ ನಿಮಗೆಲ್ಲರಿಗೂ ಬರೆದದ್ದು. ಆದರೂ ಕೊನೆಯ ಸಾಲಿನ ಪೇಟಿ ಕಂತ್ರಾಟುದಾರರು ಸ್ವಲ್ಪ ಹೆಚ್ಚು ಗಮನ ಕೊಟ್ಟು ಓದಲಿ ಎಂಬ ಆಸೆ, ಯಾಕೆಂದರೆ ಕೆಲಸಗಾರನ ಹೆಸರು ಹಿಡಿದು ಕರೆಯುವವರು ನೀವೇ.

ಅಣುಸ್ಥಾವರ ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಎತ್ತುವುದಿಲ್ಲ. ಉತ್ತರ ಕನ್ನಡದಲ್ಲಿ ಆ ಚರ್ಚೆಗೆ ದೊಡ್ಡ ಇತಿಹಾಸವಿದೆ. ಶಿವರಾಮ ಕಾರಂತರು 1989ರಲ್ಲಿ ಇದೇ ವಿಷಯ ಹಿಡಿದು ಲೋಕಸಭೆ ಚುನಾವಣೆಗೇ ನಿಂತಿದ್ದರು. ಬೇಕು ಎಂದವರೂ ಬೇಡ ಎಂದವರೂ ಆಡಿದ ಮಾತುಗಳನ್ನು ಈಗ ತಿರುವಿ ಹಾಕಿದರೆ ಕಾಡಿನ ಬಗ್ಗೆ ಇದೆ, ಕಾಳಿ ನದಿಯ ಬಗ್ಗೆ ಇದೆ, ಊರು ಬಿಟ್ಟವರ ಬಗ್ಗೆ ಇದೆ, ಯುನಿಟ್ ದರದ ಬಗ್ಗೆಯೂ ಇದೆ. ಒಳಗೆ ಹೋಗಿ ಬೋಲ್ಟ್ ಬಿಗಿದು ಬರುವ ಗುತ್ತಿಗೆ ಕೆಲಸಗಾರನ ಬಗ್ಗೆ ಇರುವುದು ತೀರ ಕಡಿಮೆ. ನನ್ನ ಮಾತು ಅವನ ಬಗ್ಗೆ, ಅದರಲ್ಲೂ ಅವನ ಕೂಲಿಗೂ ಅವನ ಮೈಗೆ ಬೀಳುವ ವಿಕಿರಣದ ಡೋಸಿಗೂ ಇರುವ ನಂಟಿನ ಬಗ್ಗೆ.

ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್‌ವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಮುಂದೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರ ಅದನ್ನು ದಾಟಿತಾದರೂ ಅದು ಸಣ್ಣ ಸಾಧನೆಯಲ್ಲ. ಆದರೆ ರಿಯಾಕ್ಟರ್ ಓಡುತ್ತಿರುವಷ್ಟು ದಿನ ಅದರ ಅತಿ ಬಿಸಿಯಾದ ಜಾಗಗಳಿಗೆ ಮನುಷ್ಯರು ಕಾಲಿಡುವುದೇ ಇಲ್ಲ. ಯಂತ್ರ ನಿಂತ ಮೇಲೆ ಮನುಷ್ಯರ ಕೆಲಸ ಶುರು. ಫ್ಯುಯೆಲಿಂಗ್ ಮಷಿನ್ ಇರುವ ವಾಲ್ಟ್‌ನ ಬಾಗಿಲು ತೆರೆಯುವುದು ಶಟ್‌ಡೌನ್‌ನಲ್ಲಿ, 306 ಕೂಲೆಂಟ್ ಚಾನೆಲ್‌ಗಳ ಮುಖದೆದುರು ನಿಂತು ತಪಾಸಣೆ ನಡೆಸುವುದೂ ಆಗಲೇ. ಕವಾಟ ಬಿಚ್ಚುವುದು, ಇನ್ಸುಲೇಷನ್ ಕಳಚುವುದು, ನೆಲ ಒರೆಸುವುದು, ಒರೆಸಿದ ಬಟ್ಟೆಯನ್ನು ಚೀಲಕ್ಕೆ ತುಂಬುವುದು, ಇವೆಲ್ಲ ಕೆಲವೇ ವಾರಗಳಲ್ಲಿ ಮುಗಿಯಬೇಕು. ಸ್ಥಾವರದ ಕಾಯಂ ನೌಕರರಿಂದ ಅಷ್ಟು ಕೈಗಳು ಹೊರಡುವುದಿಲ್ಲ. ಆಗ ನಿಮಗೆ ಕರೆ ಬರುತ್ತದೆ.

ಕೈಗಾದಂಥ ಭಾರಜಲ ರಿಯಾಕ್ಟರ್‌ನಲ್ಲಿ ಮೈಗೆ ತಗಲುವ ವಿಕಿರಣ ಮುಖ್ಯವಾಗಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಪೈಪುಗಳ ಒಳಮೈಗೆ ಅಂಟಿಕೊಂಡ ಕೋಬಾಲ್ಟ್-60ರಂಥ ವಸ್ತುಗಳಿಂದ ಬರುವ ಗಾಮಾ ಕಿರಣ. ಇದನ್ನು ಎದೆಯ ಮೇಲಿನ ಟಿಎಲ್‌ಡಿ ಬ್ಯಾಜ್ ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಜ್‌ನೊಳಗಿನ ಬಿಲ್ಲೆಗಳನ್ನು ಆಮೇಲೆ ಪ್ರಯೋಗಾಲಯದಲ್ಲಿ ಕಾಯಿಸಿದಾಗ ಅವು ಹೊಮ್ಮಿಸುವ ಬೆಳಕನ್ನು ಅಳೆದು ಡೋಸ್ ಎಷ್ಟೆಂದು ಹೇಳುತ್ತಾರೆ. ಇನ್ನೊಂದು, ಭಾರಜಲದಲ್ಲಿ ಹುಟ್ಟುವ ಟ್ರಿಟಿಯಂ. ಇದರ ಕಿರಣ ಚರ್ಮ ದಾಟುವಷ್ಟೂ ಗಟ್ಟಿಯಲ್ಲ, ಹಾಗಾಗಿ ಬ್ಯಾಜ್‌ಗೆ ಗೊತ್ತೇ ಆಗುವುದಿಲ್ಲ. ಆದರೆ ಆವಿಯಾಗಿ ಉಸಿರಿನಲ್ಲಿ ಹೋಗುತ್ತದೆ, ಚರ್ಮದ ಮೂಲಕ ಇಂಗುತ್ತದೆ, ಮೈಯ ನೀರಿನಲ್ಲಿ ನೀರಾಗಿ ಬೆರೆಯುತ್ತದೆ. ಹತ್ತು ದಿನ ಕಳೆದರೆ ಸುಮಾರು ಅರ್ಧ ಮೂತ್ರ ಬೆವರುಗಳಲ್ಲಿ ಹೊರಗೆ ಹೋಗಿರುತ್ತದೆ. ಅದಕ್ಕೇ ಮೂತ್ರದ ಮಾದರಿ ಕೊಡಿ ಎಂದು ಹೆಲ್ತ್ ಫಿಸಿಕ್ಸ್ ವಿಭಾಗದವರು ಬೆನ್ನು ಬೀಳುವುದು. ಶೀಷೆ ಹಿಡಿದು ಸಾಲಿನಲ್ಲಿ ನಿಲ್ಲಲು ನಾಚಿ ಹುಡುಗರು ತಪ್ಪಿಸಿಕೊಂಡರೆ, ಸುಮ್ಮನೆ ಅಧಿಕಾರಿಗಳ ಕಿರಿಕಿರಿ ಎಂದು ನಿಮ್ಮ ಸೂಪರ್‌ವೈಸರ್ ನಕ್ಕು ಬಿಡಬಾರದು. ಆ ಶೀಷೆ ಕೊಡದವನ ಟ್ರಿಟಿಯಂ ಡೋಸ್ ಯಾವ ಪುಸ್ತಕದಲ್ಲೂ ಏರುವುದಿಲ್ಲ.

ಇನ್ನು ಮಿತಿಯ ವಿಷಯ. ಅಣುಶಕ್ತಿ ನಿಯಂತ್ರಣ ಮಂಡಳಿಯ ಪ್ರಕಾರ ವಿಕಿರಣದ ಕೆಲಸ ಮಾಡುವವನಿಗೆ ಐದು ವರ್ಷಗಳಲ್ಲಿ ಒಟ್ಟು 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30. ತಾತ್ಕಾಲಿಕ ಕೆಲಸಗಾರರಿಗೆ ಇನ್ನೂ ಬಿಗಿ, ವರ್ಷಕ್ಕೆ 15. ಬಹುಪಾಲು ಜನರ ಡೋಸ್ ಈ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಹೆದರಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಗುತ್ತಿಗೆಯವನು ಇಂದು ಇಲ್ಲಿ, ನಾಳೆ ತಾರಾಪುರದಲ್ಲಿ, ನಾಡಿದ್ದು ರಾವತ್‌ಭಾಟಾದಲ್ಲಿ ಇರಬಹುದು. ಅವನ ಮೇಲೆ ಕಣ್ಣಿಡುವುದು ಕಷ್ಟ, ಆದ್ದರಿಂದ ಗೆರೆಯನ್ನೇ ಹತ್ತಿರ ಎಳೆಯುವುದರಲ್ಲಿ ಅರ್ಥವಿದೆ.

ತೊಡಕು ಇರುವುದು ಇಲ್ಲೇ. ಕಾಯಂ ನೌಕರನ ಡೋಸ್ ಹೆಚ್ಚಾದರೆ ಅವನನ್ನು ಕಂಟ್ರೋಲ್ ರೂಮಿಗೋ ಸ್ಟೋರ್ಸಿಗೋ ಹಾಕುತ್ತಾರೆ. ತಿಂಗಳ ಸಂಬಳದಲ್ಲಿ ಒಂದು ಪೈಸೆ ವ್ಯತ್ಯಾಸವಾಗುವುದಿಲ್ಲ. ದಿನಗೂಲಿಯ ಮೇಲೆ ಬಂದವನನ್ನು ‘ನಿನ್ನ ಡೋಸ್ ಮುಗಿಯಿತು’ ಎಂದು ಹೊರಗೆ ಕೂರಿಸಿದರೆ ಅವನ ಕೂಲಿಯೂ ಅಲ್ಲಿಗೇ ಮುಗಿಯುತ್ತದೆ. ಅವನನ್ನು ಕಾಪಾಡಲೆಂದು ಎಳೆದ ಗೆರೆ ಅವನ ಅನ್ನಕ್ಕೆ ಎಳೆದ ಗೆರೆಯೂ ಆಗುತ್ತದೆ. ಆಗ ಬುದ್ಧಿವಂತನಾದ ಯಾರಾದರೂ ಏನು ಮಾಡುತ್ತಾರೆ? ಬ್ಯಾಜನ್ನು ಚೇಂಜ್ ರೂಮಿನ ಗೂಟಕ್ಕೆ ನೇತುಹಾಕಿ ಒಳಗೆ ಹೋಗುತ್ತಾರೆ. ಸೂಪರ್‌ವೈಸರ್ ನೋಡಿಯೂ ನೋಡದಂತಿರುತ್ತಾನೆ, ಯಾಕೆಂದರೆ ಕೈ ಪಳಗಿದವನನ್ನು ಕಳೆದುಕೊಳ್ಳುವುದು ಅವನಿಗೂ ಬೇಡ.

ಇದು ಬರೀ ಕಲ್ಪನೆಯಲ್ಲ. ಅಪಘಾತಕ್ಕೀಡಾದ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ 2011ರ ಡಿಸೆಂಬರ್‌ನಲ್ಲಿ ಉಪಗುತ್ತಿಗೆ ಸಂಸ್ಥೆಯೊಂದರ ಅಧಿಕಾರಿ ತನ್ನ ಜನರ ಡೋಸಿಮೀಟರ್‌ಗಳಿಗೆ ಸೀಸದ ತಗಡು ಮುಚ್ಚಿಸಿದ. ಮುಂದಿನ ವರ್ಷ ಪತ್ರಿಕೆಗಳು ಅದನ್ನು ಬಯಲು ಮಾಡಿದವು. ಡೋಸ್ ಬೇಗ ತುಂಬಿದರೆ ಮುಂದೆ ಕೆಲಸ ಸಿಗುವುದಿಲ್ಲ ಎಂಬುದೇ ಅವನ ಸಮಜಾಯಿಷಿ. ಅವನನ್ನು ದುಷ್ಟ ಎಂದು ಬೈದು ಮುಗಿಸುವುದು ಸುಲಭ. ಆದರೆ ಅವನ ಲೆಕ್ಕವನ್ನು ಅವನಿಗೆ ಕಲಿಸಿದ್ದು ಗುತ್ತಿಗೆಯ ಕರಾರೇ. ಇದೇ ಫುಕುಶಿಮಾದಲ್ಲಿ, ಅಪಘಾತವಾಗಿ ಎರಡು ವಾರವೂ ಆಗಿರದ 2011ರ ಮಾರ್ಚ್ 24ರಂದು, ಕೇಬಲ್ ಎಳೆಯಲು ಮೂವರು ಮೂರನೇ ಘಟಕದ ಟರ್ಬೈನ್ ಕಟ್ಟಡದ ತಳಕ್ಕೆ ಇಳಿದರು. ಅಲ್ಲಿ ವಿಕಿರಣ ತುಂಬಿದ ನೀರು ನಿಂತಿತ್ತು. ಡೋಸಿಮೀಟರ್ ಕೂಗಿಕೊಂಡರೂ ಅದೇ ಕೆಟ್ಟಿರಬೇಕು ಎಂದುಕೊಂಡು ಕೆಲಸ ಮುಂದುವರಿಸಿದರು. ಇಬ್ಬರ ಕಾಲಲ್ಲಿ ಇದ್ದದ್ದು ಗಿಡ್ಡ ಶೂ, ನೀರು ಒಳಗೆ ಹೋಯಿತು. ಮೂವರಿಗೂ 170 ಮಿಲಿಸೀವರ್ಟ್‌ನ ಮೇಲೆ ಡೋಸ್ ಬಿತ್ತು. ಉಪಕರಣ ಕೂಗಿದಾಗ ಅದನ್ನು ನಂಬಿ ಹೊರಗೆ ಬರಲು ಕಲಿಸದ ಮೇಲೆ ಎದೆಗೆ ಅದನ್ನು ಸಿಕ್ಕಿಸಿ ಫಲವೇನು?

ಆದ್ದರಿಂದ ನನ್ನ ಮೊದಲ ಕೋರಿಕೆ ಹಣದ ವಿಷಯದ್ದು. ನಿಮ್ಮ ಅಂದಾಜು ಪಟ್ಟಿಯಲ್ಲಿ ಕೂಲಿ, ಪಿಎಫ್, ಊಟ, ಸಾರಿಗೆ, ಲಾಭಾಂಶಗಳ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಡೋಸ್ ಮಿತಿ ತಲುಪಿ ಹೊರಗೆ ಕೂತವನಿಗೆ ಒಪ್ಪಂದದ ಅವಧಿ ಮುಗಿಯುವವರೆಗೆ ಪೂರ್ತಿ ಕೂಲಿ. ಅವನಿಗೆ ವಿಕಿರಣವಿಲ್ಲದ ಕಡೆ ಕೆಲಸ ಕೊಡಲಾದರೆ ಕೊಡಿ, ಆಗದಿದ್ದರೂ ಕೂಲಿ ನಿಲ್ಲಿಸಬೇಡಿ. ಮಿತಿ ತಲುಪುವವರು ಬೆರಳೆಣಿಕೆಯಷ್ಟೇ ಆದ್ದರಿಂದ ಇದಕ್ಕೆ ತಗಲುವ ಹಣವೂ ಅಷ್ಟಕ್ಕಷ್ಟೆ. ಸಿಗುವುದು ಮಾತ್ರ ದೊಡ್ಡದು: ಬ್ಯಾಜ್ ಬಚ್ಚಿಡುವುದಕ್ಕೆ ಯಾರಿಗೂ ಕಾರಣವೇ ಉಳಿಯುವುದಿಲ್ಲ.

ಎರಡನೆಯದಾಗಿ, ಡೋಸನ್ನು ಮೊದಲೇ ಹಂಚಿ. ಒಂದು ಕವಾಟ ಬದಲಿಸಲು ಎಷ್ಟು ನಿಮಿಷ, ಆ ಜಾಗದಲ್ಲಿ ಗಂಟೆಗೆ ಎಷ್ಟು ಡೋಸ್, ಎಷ್ಟು ಜನರಲ್ಲಿ ಹಂಚಬೇಕು ಎಂಬ ಲೆಕ್ಕವನ್ನು ಹೆಲ್ತ್ ಫಿಸಿಕ್ಸ್‌ನವರು ಹೇಗೂ ಹಾಕುತ್ತಾರೆ. ನಿಮ್ಮ ಸೂಪರ್‌ವೈಸರ್ ಅವರ ಎದುರು ಕೂತು ಅದನ್ನು ಅರ್ಥ ಮಾಡಿಕೊಳ್ಳಲಿ. ಹೊರಗೆ ಅದೇ ಅಳತೆಯ ಮಾದರಿ ಇಟ್ಟು ಹುಡುಗರಿಗೆ ಅಭ್ಯಾಸ ಮಾಡಿಸಿದರೆ ಒಳಗೆ ಇಪ್ಪತ್ತು ನಿಮಿಷದ ಕೆಲಸ ಹನ್ನೆರಡಕ್ಕೆ ಇಳಿಯಬಹುದು. ಗಾಳಿ ಕೊಳವೆ ಸಿಕ್ಕಿಸಿದ ಪ್ಲಾಸ್ಟಿಕ್ ಸೂಟ್ ತೊಟ್ಟು, ಎರಡು ಜೊತೆ ಕೈಗವಸು ಹಾಕಿ ಸ್ಪ್ಯಾನರ್ ಹಿಡಿಯುವುದು ಅಂಗಳದಲ್ಲಿ ಹಿಡಿದಂತಲ್ಲ. ವಿಶೇಷ ಪರಿಣತಿ ಎಂದು ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಿಕೊಳ್ಳುವವರು ತೋರಿಸಬೇಕಾದ ಪರಿಣತಿ ಇದು. ಆಳು ಒದಗಿಸುವುದು ಯಾರಿಂದಲೂ ಆಗುತ್ತದೆ.

ಇನ್ನು ದಾಖಲೆ. ಇದಕ್ಕೆ ಅಮೆರಿಕದ ಕಥೆ ಹೇಳದೆ ಆಗುವುದಿಲ್ಲ. ಅಣುಬಾಂಬು ತಯಾರಿಸಿದ ಆ ದೇಶದಲ್ಲಿ ಸ್ಥಾವರಗಳು ಸರ್ಕಾರದವು, ನಡೆಸಿದವರು ಗುತ್ತಿಗೆದಾರರು. ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್ ಅನ್ನು 1943ರಿಂದ ಕಟ್ಟಿದ್ದು ಡುಪಾಂಟ್ ಕಂಪನಿ. ಖರ್ಚು ಸರ್ಕಾರದ್ದು, ಕಂಪನಿಯ ಶುಲ್ಕ ಒಂದೇ ಒಂದು ಡಾಲರ್. 1946ರಲ್ಲಿ ಡುಪಾಂಟ್ ಹೋಗಿ ಜನರಲ್ ಎಲೆಕ್ಟ್ರಿಕ್ ಬಂತು, ಆಮೇಲೆ ಇನ್ನೊಂದು, ಮತ್ತೊಂದು. ಬೋರ್ಡ್ ಬದಲಾಗುತ್ತ ಹೋಯಿತು, ಕೆಲಸಗಾರ ಮಾತ್ರ ಬಹಳ ಕಡೆ ಅವನೇ. ಈಗಲೂ ಅಲ್ಲಿ ನೆಲದಡಿಯ 177 ಟ್ಯಾಂಕುಗಳ ತ್ಯಾಜ್ಯವನ್ನು ಸಂಭಾಳಿಸುತ್ತಿರುವವರು ಗುತ್ತಿಗೆದಾರರೇ. ದಶಕಗಳ ನಂತರ ಕಾಯಿಲೆ ಬಿದ್ದವರು ‘ಇದು ಆ ಕೆಲಸದಿಂದ ಬಂದದ್ದು’ ಎಂದಾಗ ಬಹಳ ಕಡೆ ಡೋಸ್ ಲೆಕ್ಕವೇ ಸಿಗಲಿಲ್ಲ, ಸಿಕ್ಕಲ್ಲಿ ಅರೆಬರೆ. ಕೊನೆಗೆ 2000ದಲ್ಲಿ ಅಲ್ಲಿಯ ಸಂಸತ್ತು ಒಂದು ಕಾಯ್ದೆ ಮಾಡಿ, ಅಣ್ವಸ್ತ್ರ ಸ್ಥಾವರಗಳಲ್ಲಿ ದುಡಿದು ಕಾಯಿಲೆ ಬಿದ್ದ ಗುತ್ತಿಗೆ, ಉಪಗುತ್ತಿಗೆ ಕೆಲಸಗಾರರಿಗೂ 1,50,000 ಡಾಲರ್ ಪರಿಹಾರ, ಜೊತೆಗೆ ವೈದ್ಯಕೀಯ ಖರ್ಚು ಎಂದು ಗೊತ್ತುಮಾಡಿತು. ಆ ಕಾಯ್ದೆಯಲ್ಲಿ ನನಗೆ ಹಿಡಿಸಿದ ಒಂದು ಅಂಶವಿದೆ. ದಾಖಲೆಯೇ ಸಾಲದೆ ಡೋಸ್ ಲೆಕ್ಕ ಹಾಕಲಾಗದ ಕೆಲಸಗಾರರ ಗುಂಪುಗಳನ್ನು ಬೇರೆಯಾಗಿ ಗುರುತಿಸಿ, ಅವರಲ್ಲಿ ಯಾರಿಗಾದರೂ ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದರೆ ಅದು ಕೆಲಸದಿಂದಲೇ ಬಂದದ್ದು ಎಂದು ಒಪ್ಪಿಕೊಳ್ಳುತ್ತಾರೆ. ದಾಖಲೆ ಇಡದ ತಪ್ಪಿನ ಹೊರೆ ಕೆಲಸಗಾರನ ತಲೆಯ ಮೇಲೆ ಬೀಳುವುದಿಲ್ಲ. ಆದರೆ ಆ ಮಾತು ಬರುವ ಹೊತ್ತಿಗೆ ಎಷ್ಟೋ ಜನ ತೀರಿಕೊಂಡಿದ್ದರು.

ನಮ್ಮಲ್ಲಿ ಪರಿಸ್ಥಿತಿ ಅಷ್ಟು ಕೆಟ್ಟಿಲ್ಲ ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ದೇಶದ ವಿಕಿರಣ ಕೆಲಸಗಾರರ ಡೋಸ್ ದಾಖಲೆಯನ್ನು ಒಂದೇ ಕಡೆ ಇಡುತ್ತದೆ, ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ. ಇಂಥ ಪರೀಕ್ಷೆ, ದಾಖಲೆಗಳ ಬೆಲೆ ತಿಳಿಯಲು 2009ರ ನವೆಂಬರ್‌ನಲ್ಲಿ ಕೈಗಾದಲ್ಲೇ ನಡೆದದ್ದನ್ನು ನೆನಪಿಸಿಕೊಳ್ಳಿ. ಒಂದನೇ ಘಟಕ ವಾರ್ಷಿಕ ದುರಸ್ತಿಗೆ ನಿಂತಿತ್ತು. ಕುಡಿಯುವ ನೀರಿನ ಕೂಲರ್‌ಗೆ ಯಾರೋ ಬೇಕೆಂದೇ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಐವತ್ತಕ್ಕೂ ಹೆಚ್ಚು ಜನರ ಮೈಗೆ ಅದು ಸೇರಿತು, ಇಬ್ಬರ ಡೋಸ್ ವಾರ್ಷಿಕ ಮಿತಿ ದಾಟಿತು. ಅದು ಗೊತ್ತಾದದ್ದು ಯಾವ ಸೈರನ್‌ನಿಂದಲೂ ಅಲ್ಲ, ಮಾಮೂಲಿ ಮೂತ್ರ ಪರೀಕ್ಷೆಯಿಂದ. ನಿಮ್ಮ ಹುಡುಗರು ತಪ್ಪಿಸಿಕೊಳ್ಳಲು ನೋಡುವ ಅದೇ ಶೀಷೆಯಿಂದ.

ಕೇಂದ್ರದಲ್ಲಿ ದಾಖಲೆ ಇದ್ದರೂ ಕೆಲಸಗಾರನ ಕೈಯಲ್ಲಿ ಏನಿದೆ? ಜಪಾನಿನ ಅಣುಸ್ಥಾವರಗಳಲ್ಲಿ ವಿಕಿರಣದ ಕೆಲಸಕ್ಕೆ ಹೋಗುವ ಪ್ರತಿಯೊಬ್ಬನ ಹೆಸರಿನಲ್ಲೂ ಒಂದು ಡೋಸ್ ಪುಸ್ತಕ ಇರುತ್ತದೆ. ನಿಮ್ಮ ಕೆಲಸಗಾರ ಕೊನೆಯ ದಿನ ಗೇಟ್‌ಪಾಸ್ ಒಪ್ಪಿಸುವಾಗ ಅವನ ಕೈಗೆ ಒಂದು ಹಾಳೆ ಕೊಡಿ: ಹೆಸರು, ಟಿಎಲ್‌ಡಿ ಸಂಖ್ಯೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಗಾಮಾ ಎಷ್ಟು, ಟ್ರಿಟಿಯಂ ಎಷ್ಟು, ಯಾವ ಗುತ್ತಿಗೆದಾರರ ಕೈಕೆಳಗೆ. ಟಿಎಲ್‌ಡಿ ಫಲಿತಾಂಶ ತಡವಾಗಿ ಬರುತ್ತದೆ ಎಂಬುದು ನಿಜ. ಆಮೇಲೆ ಅಂಚೆಯಲ್ಲಿ ಕಳಿಸಿ, ವಾಟ್ಸಾಪ್‌ನಲ್ಲಾದರೂ ಕಳಿಸಿ. ಕನ್ನಡದವನಿಗೆ ಕನ್ನಡದಲ್ಲಿ, ಒಡಿಶಾ ಬಿಹಾರಗಳಿಂದ ಬಂದವನಿಗೆ ಅವನು ಓದಬಲ್ಲ ಭಾಷೆಯಲ್ಲಿ. ಕೆಲಸಗಾರನಿಗೆ 75 ವರ್ಷ ಆಗುವವರೆಗೆ, ಕೆಲಸ ಬಿಟ್ಟ ಮೇಲೆ ಕನಿಷ್ಠ 30 ವರ್ಷ, ಡೋಸ್ ದಾಖಲೆ ಉಳಿಯಬೇಕು ಎನ್ನುತ್ತದೆ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಾನದಂಡ. ನಿಮ್ಮಲ್ಲಿ ಎಷ್ಟು ಸಂಸ್ಥೆಗಳು ಮೂವತ್ತು ವರ್ಷ ಬಾಗಿಲು ತೆರೆದಿರುತ್ತವೆ ಎಂದು ನೀವೇ ಯೋಚಿಸಿ ನೋಡಿ.

‘ನಮ್ಮದು ಬರೀ ಕಟ್ಟಡದ ಕೆಲಸ, ಐದು ಆರನೇ ಘಟಕಕ್ಕೆ ಇನ್ನೂ ಇಂಧನವೇ ಬಂದಿಲ್ಲ, ವಿಕಿರಣ ಎಲ್ಲಿಂದ’ ಎಂದು ಕೆಲವರು ಕೇಳಬಹುದು. ವೆಲ್ಡಿಂಗ್ ಪರೀಕ್ಷೆಗೆ ರಾತ್ರಿ ಹೊತ್ತು ಹಗ್ಗ ಕಟ್ಟಿ ರೇಡಿಯೋಗ್ರಫಿ ಮಾಡುತ್ತಾರಲ್ಲ, ಆ ಪೆಟ್ಟಿಗೆಯೊಳಗಿನ ಇರಿಡಿಯಂ-192 ವಿಕಿರಣವೇ. 1999ರಲ್ಲಿ ಪೆರು ದೇಶದ ಯಾನಾಂಗೋದಲ್ಲಿ ಅಣುಸ್ಥಾವರವೂ ಅಲ್ಲದ ಒಂದು ಜಲವಿದ್ಯುತ್ ಯೋಜನೆಯಲ್ಲಿ ಒಬ್ಬ ವೆಲ್ಡರ್ ನೆಲದಲ್ಲಿ ಬಿದ್ದಿದ್ದ ಪುಟ್ಟ ಲೋಹದ ತುಂಡನ್ನು ಎತ್ತಿ ಹಿಂದಿನ ಜೇಬಿಗೆ ಹಾಕಿಕೊಂಡ. ಅದು ಪೆಟ್ಟಿಗೆಯಿಂದ ಜಾರಿದ ಇರಿಡಿಯಂ. ಅವನ ಒಂದು ಕಾಲನ್ನೇ ಕತ್ತರಿಸಬೇಕಾಯಿತು. ರೇಡಿಯೋಗ್ರಫಿ ನಿಮ್ಮ ಗುತ್ತಿಗೆಯಲ್ಲಿ ಇಲ್ಲದಿರಬಹುದು, ಆದರೆ ಪಕ್ಕದಲ್ಲಿ ಸೆಂಟ್ರಿಂಗ್ ಬಿಚ್ಚುವ ಹುಡುಗ ನಿಮ್ಮವನು. ಹಾಗೆ ನೋಡಿದರೆ ಕೈಗಾದ ಮೊದಲ ದೊಡ್ಡ ಅವಘಡಕ್ಕೂ ವಿಕಿರಣಕ್ಕೂ ಸಂಬಂಧವಿರಲಿಲ್ಲ. 1994ರ ಮೇ 13ರಂದು ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಸೀಳಿ ಕೆಳಗೆ ಬಿತ್ತು, 14 ಜನ ಗಾಯಗೊಂಡರು.

ಸ್ಥಾವರದವರು ಎಲ್ಲ ನೋಡಿಕೊಳ್ಳುತ್ತಾರೆ, ನಮಗೇಕೆ ಎಂಬ ಮಾತೂ ಇದೆ. ಅವರು ನೋಡಿಕೊಳ್ಳಬೇಕು ನಿಜ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಿಂದ ಹಿಡಿದು ನಮ್ಮ ಕಾನೂನು ಪ್ರಧಾನ ಮಾಲೀಕನ ಹೆಗಲಿಗೂ ಹೊಣೆ ಹಾಕಿದೆ. ಆದರೆ ಜಪಾನಿನ ತೋಕಾಯಿಮುರಾದಲ್ಲಿ 1999ರ ಸೆಪ್ಟೆಂಬರ್ 30ರಂದು ಏನಾಯಿತು? ಅಲ್ಲಿ ಜೆಸಿಓ ಎಂಬ ಖಾಸಗಿ ಕಂಪನಿ ಸರ್ಕಾರಿ ಸಂಸ್ಥೆಯ ‘ಜೋಯೋ’ ಪ್ರಾಯೋಗಿಕ ರಿಯಾಕ್ಟರ್‌ಗಾಗಿ ಯುರೇನಿಯಂ ದ್ರಾವಣ ತಯಾರಿಸಿಕೊಡುತ್ತಿತ್ತು. ಕೆಲಸ ಬೇಗ ಮುಗಿಯಲೆಂದು ಕಂಪನಿ ತನ್ನದೇ ಅಡ್ಡದಾರಿ ಮಾಡಿಕೊಂಡಿತ್ತು. ಸ್ಟೀಲ್ ಬಕೆಟ್‌ನಿಂದ ದ್ರಾವಣವನ್ನು ತೊಟ್ಟಿಗೆ ಸುರಿಯುತ್ತಿದ್ದಾಗ ಸರಪಳಿ ಕ್ರಿಯೆ ಹತ್ತಿಕೊಂಡಿತು. ಅಲ್ಲಿದ್ದ ಮೂವರಲ್ಲಿ ಇಬ್ಬರು ಉಳಿಯಲಿಲ್ಲ. ಯುರೇನಿಯಂ ಒಂದೇ ಕಡೆ ಹೆಚ್ಚು ಸೇರಿದರೆ ಏನಾಗುತ್ತದೆ ಎಂಬುದನ್ನು ಅವರಿಗೆ ಸರಿಯಾಗಿ ಕಲಿಸಿರಲೇ ಇಲ್ಲ. ಸರ್ಕಾರದ ಕಣ್ಣು ಎಲ್ಲೋ ಇತ್ತು, ಬಕೆಟ್ ಹಿಡಿಸಿದ್ದು ಕಂಪನಿ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದಿಲ್ಲ. ಟೆಂಡರ್ ಸಿಗುವುದು ಕಡಿಮೆ ದರ ಹಾಕಿದವನಿಗೆ. ಹೊರಗೆ ಕೂತವನ ಕೂಲಿಯನ್ನೂ ಸೇರಿಸಿ ನೀವು ದರ ಬರೆದರೆ, ಬರೆಯದವನು ಎಲ್-1 ಆಗಿ ಕೆಲಸ ಒಯ್ಯುತ್ತಾನೆ. ಹಾಗಾಗಿ ಇದನ್ನು ಒಬ್ಬೊಬ್ಬರೇ ಮಾಡಲು ಹೋಗಬೇಡಿ. ಮುಂದಿನ ಶಟ್‌ಡೌನ್ ಟೆಂಡರ್‌ನ ಪ್ರೀ-ಬಿಡ್ ಸಭೆಗೆ ಮೊದಲು ನಾಲ್ಕಾರು ಜನ ಕೂತು ಮಾತಾಡಿ, ಲಿಖಿತ ಪ್ರಶ್ನೆಯೊಂದನ್ನು ಕೊಡಿ: ‘ಡೋಸ್ ಮಿತಿ ತಲುಪಿದ ಕೆಲಸಗಾರನ ಉಳಿದ ದಿನಗಳ ಕೂಲಿಯನ್ನು ಎಲ್ಲ ಬಿಡ್ಡುದಾರರೂ ಒಂದೇ ದರದಲ್ಲಿ, ಪ್ರತ್ಯೇಕ ಐಟಂ ಆಗಿ ತೋರಿಸಬಹುದೇ?’ ಪ್ರೀ-ಬಿಡ್ ಪ್ರಶ್ನೆಗೆ ಉತ್ತರ ಬಂದರೆ ಅದು ಕೇಳಿದವನಿಗೆ ಮಾತ್ರವಲ್ಲ, ಎಲ್ಲ ಬಿಡ್ಡುದಾರರಿಗೂ ಹೋಗುತ್ತದೆ. ಹೌದು ಎಂದರೆ ಪೈಪೋಟಿಯ ತೊಡಕು ಅಲ್ಲಿಗೇ ತೀರಿತು. ಇಲ್ಲ ಎಂದರೆ ಆ ಉತ್ತರವೂ ಕಾಗದದ ಮೇಲೆ ಇರುತ್ತದೆ. ಅದನ್ನು ಹಿಡಿದುಕೊಂಡು ನಿಯಂತ್ರಣ ಮಂಡಳಿಗೆ ಬರೆಯಬಹುದು. ಬರೆಯುವಾಗ ನಾನೂ ಒಂದು ಸಹಿ ಹಾಕುತ್ತೇನೆ.

ಇಂತಿ,
ಕಾರವಾರ ತಾಲೂಕಿನ ಒಬ್ಬ ನಿವಾಸಿ